ವಾಲೈ ಮೀನಿಗಾಗಿ ಒಂದು ಸರೋವರ: ಮಿನೆಸೋಟದ ಉತ್ತರದಲ್ಲಿ ನಾವು ಮಾಡಿದ ಆಯ್ಕೆ

ಮಿನೆಸೋಟ ರಾಜ್ಯದ ವಾಹನಗಳ ನಂಬರ್ ಪ್ಲೇಟಿನ ಮೇಲೆ ‘ಹತ್ತು ಸಾವಿರ ಸರೋವರಗಳು’ ಎಂದು ಬರೆದಿರುತ್ತದೆ. ಹತ್ತು ಎಕರೆಗಿಂತ ದೊಡ್ಡವನ್ನು ಮಾತ್ರ ಎಣಿಸಿದರೂ ಲೆಕ್ಕ 11,842ಕ್ಕೆ ಬರುತ್ತದೆ. ಈ ಒಂದು ವಿಷಯದಲ್ಲಾದರೂ ಸರ್ಕಾರ ಇರುವುದಕ್ಕಿಂತ ಕಡಿಮೆ ಹೇಳಿಕೊಂಡಿದೆ. ಇಷ್ಟು ನೀರಿನ ನಡುವೆ ಕೂತು, ಗಾಳ ಹಾಕಲು ಎಲ್ಲಿಗೆ ಹೋಗುವುದೆಂದು ನಾವು ಐದು ಮಂದಿ ಜನವರಿಯಿಂದ ಮಾರ್ಚ್ ನಡುವಿನವರೆಗೆ ಚರ್ಚಿಸಿದೆವೆಂದರೆ ಓದುವವರಿಗೆ ನಗು ಬರಬಹುದು. ಆದರೆ ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಇಂಥ ಪ್ರವಾಸವನ್ನು ಯೋಚಿಸುವವರು ಈಗ ಹೆಚ್ಚಾಗುತ್ತಿದ್ದಾರೆ, ಮತ್ತು ಪ್ರವಾಸ ಕೆಡುವುದು ಮೀನಿಲ್ಲದ್ದರಿಂದಲ್ಲ, ತಮಗೆ ಹೊಂದದ ಸರೋವರವನ್ನು ಆರಿಸಿಕೊಂಡದ್ದರಿಂದ ಎಂಬುದು ನನ್ನ ಅನುಭವ. ಆದ್ದರಿಂದ ಒಂದೇ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಮೀನಿನ ವಿಚಾರ. ವಾಲೈ ಉತ್ತರ ಅಮೆರಿಕದ ಸಿಹಿನೀರಿನ ಮೀನು. 1965ರಿಂದ ಇದು ಮಿನೆಸೋಟದ ರಾಜ್ಯ ಮೀನು. ಗಡಿ ದಾಟಿದರೆ ಕೆನಡಾದ ಅನೇಕರ ಬಾಯಲ್ಲಿ ಇದೇ ಮೀನು ಪಿಕರೆಲ್ ಆಗುತ್ತದೆ. ಬೆಕ್ಕಿನ ಕಣ್ಣಿನಂತೆ ಇದರ ಕಣ್ಣಿನ ಹಿಂಬದಿಯಲ್ಲೂ ಬೆಳಕನ್ನು ಮರಳಿಸುವ ಒಂದು ಪೊರೆಯಿದೆ. ಹಾಗಾಗಿ ನಸುಕು, ಮುಸ್ಸಂಜೆ, ಮೋಡ, ಕಲಕಿದ ನೀರು ಇದಕ್ಕೆ ಅನುಕೂಲ. ಕಣ್ಣು ಕಾಣದೆ ತಡಬಡಿಸುವ ಸಣ್ಣ ಮೀನುಗಳನ್ನು ಆ ಹೊತ್ತಿನಲ್ಲಿ ಸುಲಭವಾಗಿ ಹಿಡಿದು ತಿನ್ನುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದು ನೀರು ಕನ್ನಡಿಯಂತಿದ್ದರೆ ದೋಣಿಯಲ್ಲಿ ಕೂತವರಿಗೆ ಸುಖ, ಗಾಳಕ್ಕೆ ಉಪವಾಸ. ಸಣ್ಣ ಅಲೆಗಳೇಳುವಷ್ಟು ಗಾಳಿ ಬೀಸಬೇಕು, ದೋಣಿ ಮಗುಚುವಷ್ಟು ಬೀಸಬಾರದು. ಸರೋವರದ ಆಯ್ಕೆಯಲ್ಲಿ ನಾವು ಕಡೆಗಣಿಸಿ ಆಮೇಲೆ ಹಿಂದಿರುಗಿ ಬಂದದ್ದು ಈ ಗಾಳಿಯ ಲೆಕ್ಕಕ್ಕೇ. ಇನ್ನು ರುಚಿ: ಬಿಳಿಯ ಗಟ್ಟಿ ಮಾಂಸ, ಕೆಸರಿನ ವಾಸನೆಯಿಲ್ಲ, ಸರಿಯಾಗಿ ಬಿಡಿಸಿದರೆ ಮುಳ್ಳೂ ಇಲ್ಲ. ಕರಾವಳಿಯವರಿಗೆ ಹೇಳುವುದಾದರೆ, ಸಿಹಿನೀರಿನಲ್ಲಿ ಕಾಣೆ ಮೀನಿನ ಮರ್ಯಾದೆ ಕೊಡಬಹುದಾದ ಮೀನು ಇದು.

ಇನ್ನು ಜನ. ನಾನು ಮಿನಿಯಾಪೊಲಿಸ್‌ನಲ್ಲಿ ಹದಿನೇಳು ವರ್ಷದಿಂದ ಇದ್ದೇನೆ, ಅಮೆರಿಕದ ಪಾಸ್‌ಪೋರ್ಟ್ ಇದೆ. ಮಗಳಿಗೆ ಹದಿಮೂರು ವರ್ಷ, ಇಲ್ಲೇ ಹುಟ್ಟಿದವಳು. ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ಗ್ರೀನ್ ಕಾರ್ಡ್ ಇರುವವರು. ಗಾಳ ಹಾಕುವ ಹುಚ್ಚು ನಮಗೆ ಹಿಡಿಸಿದ್ದೇ ಅವರು. ನಾಲ್ಕನೆಯವರು ಹುಬ್ಬಳ್ಳಿ ಕಡೆಯ ಸಹೋದ್ಯೋಗಿ, ಎಚ್-1ಬಿ ಎಂಬ ನೌಕರಿ ವೀಸಾದಲ್ಲಿ ಇರುವವರು, ಪಾಸ್‌ಪೋರ್ಟಿನಲ್ಲಿ ಆ ವೀಸಾದ ಸ್ಟಾಂಪಿಂಗ್ ಅವಧಿ ಮುಗಿದು ವರ್ಷವಾಗಿತ್ತು. ಇವರು ಮೀನು ತಿನ್ನುವವರಲ್ಲ. ಹಿಡಿದು ಬಿಡುವುದರಲ್ಲಿ ಮಾತ್ರ ಅವರಿಗೆ ಆಸಕ್ತಿ, ಮತ್ತು ನಮ್ಮಲ್ಲಿ ಅತ್ಯಂತ ತಾಳ್ಮೆಯಿಂದ ಗಾಳ ಹಿಡಿಯುವವರೂ ಅವರೇ. ಐದನೆಯವರು ಗಂಗೊಳ್ಳಿಯಿಂದ ಆರು ತಿಂಗಳಿಗೆಂದು ಬಂದಿದ್ದ ನನ್ನ ಅಪ್ಪಯ್ಯ. ಪಂಚಗಂಗಾವಳಿಯ ಅಳಿವೆಯಲ್ಲಿ ಚಿಕ್ಕಂದಿನಿಂದ ಗಾಳ ಹಾಕಿದ ಕೈ. ವಯಸ್ಸು ಎಪ್ಪತ್ತನಾಲ್ಕು, ಮೊಣಕಾಲು ನೋವು, ಸಂದರ್ಶಕ ವೀಸಾ. ಮೀನು ಹಿಡಿದು ಮತ್ತೆ ನೀರಿಗೆ ಬಿಡುವುದಕ್ಕೆ ಇಷ್ಟು ದೂರ ಹೋಗುವುದು ಅವರ ಪ್ರಕಾರ ಬುದ್ಧಿಯಿದ್ದವರು ಮಾಡುವ ಕೆಲಸವಲ್ಲ.

ಜನವರಿಯಲ್ಲಿ ಭಾವ ತಂದದ್ದು ಕೆನಡಾದ ಲ್ಯಾಕ್ ಸೂಲ್ ಸರೋವರದ ನಕ್ಷೆ. ವಾಯವ್ಯ ಒಂಟಾರಿಯೊದ ಈ ಸರೋವರಕ್ಕೆ 1930ರ ಸುಮಾರಿಗೆ ಇಯರ್ ಫಾಲ್ಸ್‌ನಲ್ಲಿ ಅಣೆಕಟ್ಟು ಬಂತು, ನೀರೇರಿ ಕಾಡು ಮುಳುಗಿತು, ಅಲ್ಲಿಯ ಮೂಲನಿವಾಸಿಗಳ ಊರುಗಳೂ ಮುಳುಗಿದವು. ಮುಳುಗಿದ ಆ ದಡಗಳೇ ಇಂದು ವಾಲೈ ಹಿಡಿಯುವವರ ಕನಸಿನ ಜಾಗ. ದೊಡ್ಡ ಮೀನಿನ ಮಟ್ಟಿಗೆ ನಮ್ಮ ಪಟ್ಟಿಯಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿರಲಿಲ್ಲ. ಅದರ ಜೊತೆಗೆ ಸುಮಾರು ಒಂಬತ್ತು ಗಂಟೆಯ ಪ್ರಯಾಣ, ಒಂಟಾರಿಯೊದ ಬೇರೆ ಲೈಸೆನ್ಸ್, ಗಾಳಕ್ಕೆ ಸಿಕ್ಕಿಸುವ ಜೀವಂತ ಸಣ್ಣ ಮೀನು, ಜಿಗಣೆಗಳನ್ನು ಗಡಿಯಾಚೆ ಒಯ್ಯಬಾರದೆಂಬ ನಿಯಮ, ದೊಡ್ಡ ಮೀನಿನ ಹುಮ್ಮಸ್ಸಿನಲ್ಲಿ ಇವೆಲ್ಲ ಸಹಿಸಬಹುದಾದವು ಎನಿಸಿದವು. ಸಹಿಸಲಾಗದ್ದು ಕಾಗದಪತ್ರ. ಗ್ರೀನ್ ಕಾರ್ಡ್ ಇದ್ದವರಿಗೆ ಕೆನಡಾ ಪ್ರವೇಶಕ್ಕೆ ವೀಸಾ ಬೇಡ, ಭಾರತದ ಪಾಸ್‌ಪೋರ್ಟ್ ಮತ್ತು ಕಾರ್ಡ್ ಸಾಕು. ಎಚ್-1ಬಿಯಲ್ಲಿರುವ ಭಾರತೀಯರಿಗೆ ಬೇಕು. ಅಮೆರಿಕದ ಸಂದರ್ಶಕ ವೀಸಾದಲ್ಲಿ ಬಂದಿರುವ ತಂದೆತಾಯಿಗೂ ಬೇಕು. ಸ್ಟಾಂಪಿಂಗ್ ಮುಗಿದಿದ್ದರೂ ಐ-94, ಅಂದರೆ ಅಮೆರಿಕದಲ್ಲಿ ಇರಲು ಕೊಟ್ಟ ಅವಧಿಯ ದಾಖಲೆ, ಚಾಲ್ತಿಯಲ್ಲಿದ್ದರೆ ಕೆನಡಾಕ್ಕೆ ಮೂವತ್ತು ದಿನದೊಳಗೆ ಹೋಗಿಬರಲು ಅಮೆರಿಕದ ನಿಯಮದಲ್ಲಿ ಅವಕಾಶವಿದೆ. ಆದರೆ ಅದು ಮರಳಿ ಬರುವ ಬಾಗಿಲಿನ ಮಾತು, ಒಳಗೆ ಹೋಗುವ ಬಾಗಿಲನ್ನು ಕೆನಡಾ ತೆರೆಯಬೇಕು. ‘ಒಂದು ಮೀನಿಗಾಗಿ ನೌಕರಿ ಪಣಕ್ಕಿಡಾಂಗಿಲ್ರೀ’ ಎಂದು ಹುಬ್ಬಳ್ಳಿಯವರು ಹೇಳಿದಾಗ ವಾದಿಸಲು ಏನೂ ಉಳಿಯಲಿಲ್ಲ. ನಕ್ಷೆಯನ್ನು ಭಾವ ತಮ್ಮ ಗ್ಯಾರೇಜಿನ ಗೋಡೆಗೆ ಅಂಟಿಸಿದರು.

ಕೆನಡಾ ಬೇಡವೆಂದಾದರೆ ಅದರ ಅಂಚಿಗಾದರೂ ಹೋಗೋಣ ಎಂದು ಹೊರಟಾಗ ಸಿಕ್ಕಿದ್ದು ಲೇಕ್ ಆಫ್ ದ ವುಡ್ಸ್. ಮಿನೆಸೋಟಕ್ಕೂ ಕೆನಡಾದ ಒಂಟಾರಿಯೊ, ಮ್ಯಾನಿಟೋಬ ಪ್ರಾಂತ್ಯಗಳಿಗೂ ಸೇರಿದ ಈ ಸರೋವರದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ಇದರ ಪಶ್ಚಿಮ ದಡದಲ್ಲಿ ನಾರ್ತ್‌ವೆಸ್ಟ್ ಆ್ಯಂಗಲ್ ಎಂಬ ತುಂಡು ನೆಲವಿದೆ. ಅಲಾಸ್ಕವನ್ನು ಬಿಟ್ಟರೆ ಅಮೆರಿಕದ ತೀರ ಉತ್ತರದ ಜಾಗ ಅದೇ. 1783ರ ಪ್ಯಾರಿಸ್ ಒಪ್ಪಂದ ಮಾಡಿದವರ ಮುಂದಿದ್ದ ನಕ್ಷೆ ತಪ್ಪಾಗಿತ್ತು. ಸರೋವರದ ವಾಯವ್ಯ ತುದಿಯಿಂದ ನೇರ ಪಶ್ಚಿಮಕ್ಕೆ ಹೋದರೆ ಮಿಸಿಸಿಪಿ ನದಿ ಸಿಗುತ್ತದೆಂದು ಅವರು ನಂಬಿದ್ದರು, ಆದರೆ ಮಿಸಿಸಿಪಿ ಹುಟ್ಟುವುದೇ ಅದಕ್ಕಿಂತ ದಕ್ಷಿಣದಲ್ಲಿ. 1818ರಲ್ಲಿ ಗಡಿಯನ್ನು 49ನೇ ಅಕ್ಷಾಂಶಕ್ಕೆ ಜೋಡಿಸುವಾಗ ಈ ಚೂರು ಅಮೆರಿಕದ ಪಾಲಿಗೆ ಬಂತು, ರಸ್ತೆ ಮಾತ್ರ ಕೆನಡಾದ ಪಾಲಿಗೆ ಹೋಯಿತು. ಅಲ್ಲಿಗೆ ಕಾರಿನಲ್ಲಿ ಹೋಗಬೇಕಾದರೆ ಮ್ಯಾನಿಟೋಬದ ಮೂಲಕ ಹೋಗಲೇಬೇಕು. ಇನ್ನೂರು ವರ್ಷಗಳ ಹಿಂದಿನ ನಕ್ಷೆಯ ತಪ್ಪು ಹುಬ್ಬಳ್ಳಿಯವರ ಪಾಸ್‌ಪೋರ್ಟಿಗೆ ಬಂದು ತಗುಲಿಕೊಂಡಿತು.

ಅದೇ ಸರೋವರದ ದಕ್ಷಿಣ ದಡ, ಬೋಡೆಟ್ ಊರಿನ ಕಡೆಯದು, ಪೂರ್ತಿ ಅಮೆರಿಕದಲ್ಲೇ ಇದೆ. ಮೀನೂ ಧಾರಾಳ. ಆದರೆ ಅಲ್ಲಿ ದ್ವೀಪಗಳು ತೀರ ಕಡಿಮೆ; ನದಿಯ ಬಾಯಿ ದಾಟಿದರೆ ಸಮುದ್ರದಂತೆ ಬಯಲು ನೀರು. ದೊಡ್ಡ ಬಾಡಿಗೆ ದೋಣಿಯಲ್ಲಿ ಗೈಡ್ ಜೊತೆ ಹೋಗುವವರಿಗೆ ತೊಂದರೆಯಿಲ್ಲ, ಹದಿನೆಂಟು ಅಡಿಯ ದೋಣಿಯನ್ನು ತಾವೇ ನಡೆಸುತ್ತೇವೆ ಎನ್ನುವವರು ಗಾಳಿಯ ಮರ್ಜಿ ಕಾಯಬೇಕು. ಮೂರೇ ದಿನದಲ್ಲಿ ಒಂದು ದಿನ ಗಾಳಿಗೆ ಹೋದರೆ ಪ್ರವಾಸದ ಮೂರನೇ ಒಂದು ಭಾಗ ಹೋದಂತೆ.

ಹತ್ತಿರದ್ದು ಬೇಕೆಂದರೆ ಮಿಲ್ ಲ್ಯಾಕ್ಸ್. ನಮ್ಮ ಮನೆಯಿಂದ ಎರಡು ಗಂಟೆಯೂ ಇಲ್ಲ. ಸುಮಾರು 1,32,000 ಎಕರೆ, ಅತ್ಯಂತ ಆಳದಲ್ಲೂ 42 ಅಡಿ, ಅಂದರೆ ಊಟದ ತಟ್ಟೆಯ ಆಕಾರ. ಒಂದು ಕಾಲದಲ್ಲಿ ವಾಲೈ ಎಂದರೆ ಮಿಲ್ ಲ್ಯಾಕ್ಸ್, ಮಿಲ್ ಲ್ಯಾಕ್ಸ್ ಎಂದರೆ ವಾಲೈ ಎಂಬಂತಿದ್ದ ಈ ಸರೋವರದಲ್ಲಿ 2015ರ ಆಗಸ್ಟಿನಲ್ಲಿ ಋತುವಿನ ನಡುವೆಯೇ ವಾಲೈ ಹಿಡಿಯುವುದನ್ನು ನಿಲ್ಲಿಸಿದರು, ಮರುವರ್ಷ ಹಿಡಿದದ್ದನ್ನೆಲ್ಲ ಬಿಡಬೇಕೆಂದರು. ಇದರ ಬಗ್ಗೆ ದಡದ ಹೋಟೆಲುಗಳಲ್ಲಿ ಮಾತು ತೆಗೆದರೆ ಒಂದು ದೂರು ಖಂಡಿತ ಕೇಳುತ್ತದೆ: ಮೂಲನಿವಾಸಿ ಒಜಿಬ್ವೆ ಜನ ವಸಂತದಲ್ಲಿ ಬಲೆ ಹಾಕುವುದರಿಂದಲೇ ಮೀನು ಹೋಯಿತು ಎಂದು. 1837ರ ಒಪ್ಪಂದದಲ್ಲಿ ನೆಲ ಬಿಟ್ಟುಕೊಡುವಾಗ ಅವರು ಬೇಟೆ ಮತ್ತು ಮೀನಿನ ಹಕ್ಕನ್ನು ಉಳಿಸಿಕೊಂಡಿದ್ದರು, 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಹಕ್ಕನ್ನು ಎತ್ತಿಹಿಡಿಯಿತು, ಅಂದಿನಿಂದ ಹಿಡಿಯಬಹುದಾದ ಮೀನಿನ ಒಟ್ಟು ತೂಕವನ್ನು ರಾಜ್ಯವೂ ಬುಡಕಟ್ಟುಗಳೂ ಹಂಚಿಕೊಳ್ಳುತ್ತವೆ. ಹಂಚಿಕೆಯ ಲೆಕ್ಕ ಕಟ್ಟುನಿಟ್ಟಾಗಿದೆ. ಸರೋವರವೇ ಬದಲಾಗಿದೆ ಎಂಬುದನ್ನು ದೂರುವವರು ಮರೆಯುತ್ತಾರೆ: ನೀರು ದಶಕಗಳಿಂದ ತಿಳಿಯಾಗುತ್ತ ಬಂದಿದೆ, 2005ರಲ್ಲಿ ಜೀಬ್ರಾ ಮಸಲ್ ಎಂಬ ಸಣ್ಣ ಚಿಪ್ಪುಜೀವಿ ಕಾಣಿಸಿಕೊಂಡು ಅದನ್ನು ಇನ್ನೂ ಸೋಸಿದೆ, ಮಬ್ಬು ಬೆಳಕಿನ ಮೀನಿಗೆ ತಿಳಿನೀರು ಒಗ್ಗುವುದಿಲ್ಲ. ಈಚಿನ ವರ್ಷಗಳಲ್ಲಿ ವಾಲೈ ಚೇತರಿಸಿಕೊಂಡಿದೆ; ಆದರೂ ಎಷ್ಟು ಮೀನು ಇಟ್ಟುಕೊಳ್ಳಬಹುದೆಂಬುದು ಪ್ರತಿವರ್ಷ ಬದಲಾಗುತ್ತದೆ, ಕೆಲವೊಮ್ಮೆ ವರ್ಷದ ನಡುವೆಯೇ ಬದಲಾಗುತ್ತದೆ. ತಿನ್ನಲು ಹೊರಟ ಅಪ್ಪಯ್ಯನನ್ನು ಇಂಥ ಅನಿಶ್ಚಯದ ನೀರಿಗೆ ಕರೆದೊಯ್ಯುವುದು ಸರಿಯೆನಿಸಲಿಲ್ಲ. ತಟ್ಟೆಯಾಕಾರದ ಸರೋವರದಲ್ಲಿ ಗಾಳಿಗೆ ಮರೆಯೂ ಇಲ್ಲ.

ರೆಡ್ ಲೇಕ್ ಮತ್ತು ಉತ್ತರ ಡಕೋಟದ ಡೆವಿಲ್ಸ್ ಲೇಕ್ ಕೂಡ ಪಟ್ಟಿಯಲ್ಲಿದ್ದವು. 1999ರಲ್ಲಿ ಪೂರ್ತಿ ಮುಚ್ಚಿ, ಕೋಟಿಗಟ್ಟಲೆ ಮರಿ ಬಿಟ್ಟು, 2006ರಲ್ಲಿ ಮತ್ತೆ ತೆರೆದ ರೆಡ್ ಲೇಕ್ ಮೀನು ಸಂರಕ್ಷಣೆಯ ದೊಡ್ಡ ಗೆಲುವು. ಆದರೆ ಅಲ್ಲಿಯ ಬುಡಕಟ್ಟಿನ ಹೊರಗಿನವರಿಗೆ ತೆರೆದಿರುವುದು ಅಪ್ಪರ್ ರೆಡ್ ಲೇಕ್ ಎಂಬ ಮೇಲಿನ ಸರೋವರದ ಒಂದು ಭಾಗ ಮಾತ್ರ, ಅದೂ ಬಯಲು. 1993ರಿಂದ ಉಕ್ಕುತ್ತ ಹೊಲ, ರಸ್ತೆ, ಮರಗಳನ್ನು ನುಂಗಿದ ಡೆವಿಲ್ಸ್ ಲೇಕ್ ನನಗೆ ಇಂದಿಗೂ ಆಸೆಯ ಜಾಗ. ಆರು ಗಂಟೆಯ ಪ್ರಯಾಣ ಅಪ್ಪಯ್ಯನ ಮೊಣಕಾಲಿಗೆ ಆಗದು.

ವರ್ಮಿಲಿಯನ್ ಸರೋವರದ ಹೆಸರನ್ನು ಫೆಬ್ರವರಿಯಲ್ಲಿ ಎತ್ತಿದವರು ಹುಬ್ಬಳ್ಳಿಯವರು, ಅದೂ ಮೀನಿನ ಕಾರಣಕ್ಕಲ್ಲ. ಅವರು ಒಂದು ಸಂಜೆ ಪ್ರತಿ ಸರೋವರದ ನಕ್ಷೆಯನ್ನೂ ಕಂಪ್ಯೂಟರಿನಲ್ಲಿ ತೆರೆದು, ಎಂಟು ದಿಕ್ಕುಗಳಿಂದಲೂ ಗಾಳಿ ಬೀಸಿದರೆ ಮರೆ ಎಲ್ಲಿ ಸಿಗುತ್ತದೆಂದು ಗುರುತು ಹಾಕುತ್ತ ಹೋಗಿದ್ದರು. ಮಿಲ್ ಲ್ಯಾಕ್ಸ್‌ನ ನಕ್ಷೆಯಲ್ಲಿ ಗುರುತುಗಳೆಲ್ಲ ದಡದ ಅಂಚಿಗೇ ಅಂಟಿಕೊಂಡಿದ್ದವು. ವರ್ಮಿಲಿಯನ್ ನಕ್ಷೆ ಸಿಡುಬು ಬಂದ ಮುಖದಂತೆ ಗುರುತುಗಳಿಂದ ತುಂಬಿತ್ತು. ಸುಮಾರು 40,000 ಎಕರೆಯ ಈ ಸರೋವರದಲ್ಲಿ 365 ದ್ವೀಪಗಳಿವೆಯೆಂದು ಲೆಕ್ಕ, ಕೊಲ್ಲಿ, ಮೂಲೆ, ಕಿರಿದಾದ ನೀರಿನ ಓಣಿಗಳಿಗಂತೂ ಲೆಕ್ಕವಿಲ್ಲ. ಗಾಳಿ ಯಾವ ಕಡೆಯಿಂದ ಬಂದರೂ ಕೂರಲು ಒಂದು ಮರೆ, ಅದರ ಪಕ್ಕದಲ್ಲೇ ಅಲೆ ಬಡಿಯುವ ಒಂದು ಕಲ್ಲುದಡ. ಮನುಷ್ಯರಿಗೂ ವಾಲೈಗೂ ಬೇಕಾದದ್ದು ಕೂಗಳತೆಯಲ್ಲಿ ಸಿಗುತ್ತದೆ. ಇಲ್ಲಿ ದಾಖಲೆಯ ಮೀನು ಸಿಗುವ ಸಂಭವ ಲ್ಯಾಕ್ ಸೂಲ್‌ಗಿಂತ ಕಡಿಮೆ ಎಂದು ಭಾವ ಎರಡು ವಾರ ಗೊಣಗಿದರು. ಅವರ ಮಾತು ನಿಜವಾಗಿತ್ತು. ಆದರೆ ಐವರಲ್ಲಿ ದಾಖಲೆ ಬೇಕಾಗಿದ್ದವರು ಅವರೊಬ್ಬರೇ.

ಉಳಿದ ಅಂಶಗಳು ಒಂದೊಂದಾಗಿ ಕೂಡಿಬಂದವು. ಟವರ್ ಊರಿಗೆ ನಾಲ್ಕು ಗಂಟೆಯ ಒಳ್ಳೆಯ ರಸ್ತೆ. ಗಡಿಯಿಲ್ಲ. ನಾವು ಹೋದಾಗಿನ ನಿಯಮದಂತೆ ತಲೆಗೆ ನಾಲ್ಕು ವಾಲೈ ಇಟ್ಟುಕೊಳ್ಳಬಹುದು. 20ರಿಂದ 26 ಇಂಚಿನವನ್ನು ಬಿಡಬೇಕು, 26ಕ್ಕೂ ದೊಡ್ಡದು ಒಂದೇ ಒಂದು. ಹದಿನಾರು ತುಂಬದ ಮಗಳಿಗೆ ಲೈಸೆನ್ಸ್ ಬೇಡ. ಅಪ್ಪಯ್ಯನಿಗೆ ಹೊರರಾಜ್ಯದವರ 72 ಗಂಟೆಯ ಲೈಸೆನ್ಸ್ ಸಾಕು. ಜೂನ್ ನಡುವಿನಿಂದ ಅನೇಕ ರಿಸಾರ್ಟ್‌ಗಳು ಶನಿವಾರದಿಂದ ಶನಿವಾರಕ್ಕೆ ಮಾತ್ರ ಕ್ಯಾಬಿನ್ ಕೊಡುತ್ತವೆ, ಜೂನ್ ಮೊದಲ ವಾರದಲ್ಲಾದರೆ ಮೂರು ರಾತ್ರಿಗೂ ಒಪ್ಪುತ್ತಾರೆ, ಬಾಡಿಗೆಯೂ ಕಡಿಮೆ. ನೀರಿನ ಅಂಚಿನಿಂದ ಕ್ಯಾಬಿನ್ ಬಾಗಿಲಿಗೆ ಎಷ್ಟು ಮೆಟ್ಟಿಲು ಎಂದು ನಾನು ಫೋನಿನಲ್ಲಿ ಕೇಳಿದಾಗ ಮೂರು ಕಡೆಯವರು ‘ಹೆಚ್ಚಿಲ್ಲ’ ಎಂದರು, ನಾಲ್ಕನೆಯ ಕಡೆಯ ಹೆಂಗಸು ಫೋನ್ ಹಿಡಿದುಕೊಂಡೇ ಹೋಗಿ ಎಣಿಸಿ ‘ಏಳು, ಹಿಡಿದುಕೊಳ್ಳಲು ಕಂಬಿ ಇದೆ’ ಎಂದರು. ಅಲ್ಲಿಯೇ ಕಾಯ್ದಿರಿಸಿದೆವು. ಮಳೆ ಹಿಡಿದರೆ ಏನೆಂಬ ಪ್ರಶ್ನೆಗೆ ಪಕ್ಕದ ಸೌಡನ್ ಗಣಿಯ ರಾಜ್ಯ ಉದ್ಯಾನವಿತ್ತು. ಮಿನೆಸೋಟದ ಮೊದಲ ಕಬ್ಬಿಣದ ಗಣಿ ಅದು, 1962ರಲ್ಲಿ ನಿಂತ ಮೇಲೆ ಅದರ ತಳದಲ್ಲಿ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳನ್ನು ಹುಡುಕುವ ಪ್ರಯೋಗಾಲಯ ಬಂತು. ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲೇ ನ್ಯೂಟ್ರಿನೊ ಕಂಡಿದ್ದರೆಂದು ಮಗಳಿಗೆ ಹೇಳಿದಾಗ ಅವಳು ನಂಬಲಿಲ್ಲ, ಹುಡುಕಿ ನೋಡಿ ಆಮೇಲೆ ನಂಬಿದಳು.

ಒಂದು ಅಂಶದಲ್ಲಿ ನಾವು ತಡವಾಗಿ ಎಚ್ಚೆತ್ತೆವು. ಈಶಾನ್ಯ ಮಿನೆಸೋಟದ ಸರೋವರಗಳ ಮೀನಿನಲ್ಲಿ ಪಾದರಸದ ಅಂಶ ಹೆಚ್ಚಿರುವುದುಂಟು. ಗಾಳಿಯಲ್ಲಿ ಬಂದು ಬಿದ್ದದ್ದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರಿ ದಟ್ಟವಾಗುತ್ತದೆ. ಗರ್ಭಿಣಿಯರು ಮತ್ತು ಹದಿನೈದು ತುಂಬದ ಮಕ್ಕಳು ವಾಲೈಯನ್ನು ಮಿತವಾಗಿ ತಿನ್ನಬೇಕೆಂದು ರಾಜ್ಯದ ಆರೋಗ್ಯ ಇಲಾಖೆ ಹೇಳುತ್ತದೆ. ಮಗಳಿಗೆ ಒಂದೇ ಊಟ, ಅದೂ ಸಣ್ಣ ಮೀನಿನದು ಎಂದು ನಿರ್ಧರಿಸಿದೆವು. ತಿನ್ನುವ ಉದ್ದೇಶದಿಂದ ಸರೋವರ ಆರಿಸುವವರು ಈ ಮಾಹಿತಿಯನ್ನು ಮೊದಲೇ ನೋಡಬೇಕಿತ್ತು. ನಾವು ನೋಡಿದ್ದು ಮುಂಗಡ ಕೊಟ್ಟ ಮೇಲೆ.

ಗುರುವಾರ ಮಧ್ಯಾಹ್ನ ತಲುಪಿದೆವು. ಶುಕ್ರವಾರ ನಿರ್ಮಲ ಆಕಾಶ, ನಿಶ್ಚಲ ನೀರು, ಸೊಳ್ಳೆ ಮತ್ತು ಕಪ್ಪು ನೊಣಗಳ ದಂಡು. ಬೆಳಗಿನಿಂದ ಸಂಜೆ ಏಳರವರೆಗೆ ಒಂದೇ ಒಂದು ಮೀನು ಗಾಳ ಕಚ್ಚಲಿಲ್ಲ. ಸೂರ್ಯ ಮುಳುಗುವುದು ಒಂಬತ್ತರ ಮೇಲೆ. ಎಂಟೂವರೆಗೆ ಅಪ್ಪಯ್ಯ ತಮ್ಮ ಗಾಳದಿಂದ ಭಾವ ಕಟ್ಟಿಕೊಟ್ಟಿದ್ದ ಬಣ್ಣದ ಸಾಮಾನುಗಳನ್ನೆಲ್ಲ ಬಿಚ್ಚಿ, ಒಂದು ಬೆಂಡು, ಒಂದು ಸೀಸದ ಗುಂಡು, ಒಂದು ಬರಿಗಾಳ ಉಳಿಸಿಕೊಂಡು, ಜಿಗಣೆಯೊಂದನ್ನು ಅದರ ಹೀರುವ ತುದಿಯ ಬಳಿ ಚುಚ್ಚಿ, ಹತ್ತಡಿ ಆಳಕ್ಕೆ ಇಳಿಬಿಟ್ಟರು. ಜಿಗಣೆಯನ್ನು ಕೈಯಲ್ಲಿ ಮುಟ್ಟಲು ನಮಗೆಲ್ಲ ಹೇಸಿಗೆ. ಮಳೆಗಾಲದ ಗದ್ದೆ ಕಂಡವರಿಗೆ ಅದೇನು ದೊಡ್ಡದು. ಬೆಂಡು ಕುಣಿಯಲಿಲ್ಲ, ಸುಮ್ಮನೆ ಓರೆಯಾಗಿ ಜಾರಿ ಮುಳುಗಿತು. ಒಂದು ಗಂಟೆಯಲ್ಲಿ ಆ ಒಂದೇ ಜಾಗದಲ್ಲಿ ಐದು ವಾಲೈ, 13ರಿಂದ 17 ಇಂಚಿನವು.

ಶನಿವಾರ ವಾಯವ್ಯದಿಂದ ಗಾಳಿ. ರಿಸಾರ್ಟಿನ ಮುಂದಿನ ದೊಡ್ಡ ಕೊಲ್ಲಿಯಲ್ಲಿ ಬಿಳಿ ನೊರೆ ಏಳುತ್ತಿತ್ತು. ಮಿಲ್ ಲ್ಯಾಕ್ಸ್ ಆಗಿದ್ದರೆ ಆ ದಿನ ಕ್ಯಾಬಿನ್ನಿನಲ್ಲಿ ಇಸ್ಪೀಟ್ ಆಡುತ್ತ ಕಳೆಯಬೇಕಿತ್ತು. ಹುಬ್ಬಳ್ಳಿಯವರು ಗುರುತು ಹಾಕಿದ್ದ ನಕ್ಷೆ ತೆಗೆದು, ದಡಗಳ ಮರೆಯಲ್ಲೇ ದೋಣಿ ನಡೆಸಿ, ಹತ್ತು ನಿಮಿಷದ ದೂರದ ಒಂದು ದ್ವೀಪದ ಹಿಂದೆ ನಿಂತೆವು. ಹನ್ನೊಂದು ಗಂಟೆಗೆ ಅಪ್ಪಯ್ಯನ ಕೋಲು ಬಾಗಿತು. ದೋಣಿಗೆ ಬಂದ ಮೀನನ್ನು ಮಗಳು ಒದ್ದೆ ಮಾಡಿದ ಅಳತೆಪಟ್ಟಿಯ ಮೇಲೆ ಮಲಗಿಸಿ, ಬಾಯಿ ಮುಚ್ಚಿಸಿ, ಬಾಲ ಕೂಡಿಸಿ ಓದಿದಳು: 21 ಇಂಚು ಮತ್ತು ಕಾಲು. ಹೊನ್ನಿನ ಬಣ್ಣದ ಮೈ, ಬಾಲದ ಕೆಳತುದಿಯಲ್ಲಿ ಬಿಳಿ ಮಚ್ಚೆ, ಗಾಜಿನ ಗೋಲಿಯಂಥ ಕಣ್ಣು.

‘ಬಿಡ್ಬೇಕು ಅಜ್ಜ’ ಎಂದಳು.

‘ಇಷ್ಟ್ ದೊಡ್ಡ್ ಮೀನ್ ಬಿಡ್ಕಾ? ಸಣ್ಣದ್ ತಿನ್ನಿ, ದೊಡ್ಡದ್ ಬಿಡಿ ಅಂದ್ರೆ ಇದ್ ಯಾವ್ ಊರ್ ನ್ಯಾಯ?’

ಈ ಅಳತೆಯವು ಹೆಚ್ಚಾಗಿ ಮೊಟ್ಟೆಯಿಡುವ ಹೆಣ್ಣುಗಳು, ವರ್ಷಕ್ಕೆ ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆ ಇಡುತ್ತವೆ, ಇದೇ ಸರೋವರಕ್ಕೆ ಸೇರುವ ಪೈಕ್ ನದಿಯಲ್ಲಿ ಮೀನುಗಾರಿಕೆ ಇಲಾಖೆ ಮರಿ ಮಾಡಲು ಮೊಟ್ಟೆ ಸಂಗ್ರಹಿಸುತ್ತದೆ ಎಂದು ನಾನು ವಿವರಿಸತೊಡಗಿದೆ. ಅಪ್ಪಯ್ಯ ಕೈಯೆತ್ತಿ ತಡೆದರು. ಅವರಿಗೆ ವಿವರಣೆ ಬೇಕಿರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ನಿಷೇಧ. ಅದೇ ಹೊತ್ತಿಗೆ ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿಕೊಂಡು ನಿಂತಿರುತ್ತವೆ, ಏಕೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮೀನನ್ನು ಎರಡೂ ಕೈಯಲ್ಲಿ ನೀರಿನಲ್ಲಿ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೆ ಕಾದು ಬಿಟ್ಟರು. ಆಮೇಲೆ ಹುಬ್ಬಳ್ಳಿಯವರ ಕಡೆ ತಿರುಗಿ, ‘ನೀವು ಇಷ್ಟ್ ದಿನ ಮಾಡ್ತಿದ್ದದ್ದು ಇದನ್ನೆಯಾ?’ ಎಂದರು.

ಭಾನುವಾರ ಜಡಿಮಳೆ, ಎರಡೇ ಮೀನು. ಮೂರು ದಿನದಲ್ಲಿ ಇಟ್ಟುಕೊಂಡದ್ದು ಒಟ್ಟು ಹನ್ನೊಂದು, ಎಲ್ಲವನ್ನೂ ಕ್ಯಾಬಿನ್ನಿನಲ್ಲೇ ಮೆಣಸು, ಹುಣಸೆ ಹಚ್ಚಿ, ರವೆಯಲ್ಲಿ ಹೊರಳಿಸಿ ಹುರಿದು ತಿಂದು ಮುಗಿಸಿದೆವು. ಹೀಗಾಗಿ ಸಾಗಿಸುವ ನಿಯಮಗಳ ತಲೆನೋವು ಬರಲಿಲ್ಲ. ಎಣಿಕೆಯ ದೃಷ್ಟಿಯಿಂದ ಇದು ಸಾಧಾರಣ ಪ್ರವಾಸ. ಶುಕ್ರವಾರದ ಹಗಲನ್ನು ನಾವು ಮೊಂಡುತನದಿಂದ ಹಾಳುಮಾಡಿದೆವು. ಮಧ್ಯಾಹ್ನ ಮಲಗಿ, ಸಂಜೆ ಆರಕ್ಕೆ ನೀರಿಗಿಳಿದಿದ್ದರೆ ಸಾಕಿತ್ತು. ದೋಣಿ ಎರಡು ಬೇಕಿತ್ತು, ಐವರಿಗೆ ಒಂದೇ ದೋಣಿಯೆಂದರೆ ಗಾಳದ ದಾರಗಳು ಸಿಕ್ಕುಬೀಳುವುದು ಖಚಿತ. ಸರೋವರದ ಆಯ್ಕೆಯಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ, ಭಾವನವರನ್ನು ಬಿಟ್ಟು. ಮುಂದಿನ ಜೂನ್‌ಗೂ ಅದೇ ಏಳು ಮೆಟ್ಟಿಲಿನ ಕ್ಯಾಬಿನ್ ಕಾಯ್ದಿರಿಸಿದ್ದೇವೆ. ಹುಬ್ಬಳ್ಳಿಯವರ ಗ್ರೀನ್ ಕಾರ್ಡಿನ ಸರದಿ ಯಾವ ದಶಕದಲ್ಲಿ ಬರುತ್ತದೋ, ಅಲ್ಲಿಯವರೆಗೆ ಲ್ಯಾಕ್ ಸೂಲ್‌ನ ನಕ್ಷೆ ಭಾವನ ಗ್ಯಾರೇಜಿನ ಗೋಡೆಯ ಮೇಲೆ ಇದ್ದಲ್ಲೇ ಇರುತ್ತದೆ.